ಸಭೆಯ ಮಾತೂ ಓಲೆಯ ಅಕ್ಷರವೂ

ನ್ಯೂಯಾರ್ಕ್ ನಗರದಲ್ಲಿ ವಿಶ್ವಸಂಸ್ಥೆಯ ಮಹಾಸಭೆ ನೆರೆದಿದೆಯೆಂದು ಭಾವಿಸೋಣ. ದಕ್ಷಿಣ ಅಮೆರಿಕದ ಒಂದು ರಾಷ್ಟ್ರದ ಪ್ರತಿನಿಧಿ ವೇದಿಕೆಯನ್ನೇರಿ ಸ್ಪ್ಯಾನಿಷ್ ಭಾಷೆಯಲ್ಲಿ ಮಾತನಾಡತೊಡಗುತ್ತಾನೆ. ಸಭಾಸದರಲ್ಲಿ ಬಹುಮಂದಿಗೆ ಆ ಭಾಷೆಯ ಗಂಧವೂ ಇಲ್ಲ. ಆದರೂ ಯಾರೂ ಪೆಚ್ಚಾಗಿ ಕುಳಿತಿಲ್ಲ. ಪ್ರತಿಯೊಬ್ಬನೂ ಕಿವಿಗೆ ಶ್ರವಣಯಂತ್ರವನ್ನು ತಗುಲಿಸಿಕೊಂಡು, ಆಸನದ ಬಳಿಯಿರುವ ಗುಂಡಿಯನ್ನು ತಿರುಗಿಸಿ, ತನಗೆ ಬೇಕಾದ ಭಾಷೆಯಲ್ಲಿ ಅದೇ ಭಾಷಣವನ್ನು ಕೇಳುತ್ತಿದ್ದಾನೆ. ಸಭಾಂಗಣದ ಗೋಡೆಯುದ್ದಕ್ಕೂ ಇರುವ ಗಾಜಿನ ಕೋಣೆಗಳಲ್ಲಿ ದುಭಾಷಿಗಳು ಕುಳಿತು, ಭಾಷಣಕಾರನ ಮಾತಿಗಿಂತ ಕೆಲವೇ ಕ್ಷಣ ಹಿಂದೆ ಉಳಿದು, ಆ ಮಾತನ್ನು ಬೇರೆ ಭಾಷೆಗೆ ತಿರುಗಿಸುತ್ತ ಹೋಗುತ್ತಾರೆ. ಒಂದು ಕಿವಿಯಿಂದ ಕೇಳುವುದು, ಮನಸ್ಸಿನಲ್ಲಿ ಅರ್ಥಮಾಡಿಕೊಳ್ಳುವುದು, ಬಾಯಿಂದ ಬೇರೊಂದು ಭಾಷೆಯನ್ನು ಆಡುವುದು ಎಂಬ ಮೂರು ಕೆಲಸಗಳನ್ನು ಏಕಕಾಲಕ್ಕೆ ಮಾಡುವ ಈ ವಿದ್ಯೆ ಅತ್ಯಂತ ಶ್ರಮದಾಯಕವಾದುದು. ಆದುದರಿಂದಲೇ ಒಬ್ಬ ದುಭಾಷಿಯನ್ನು ಎಡೆಬಿಡದೆ ಅರ್ಧ ಗಂಟೆಗಿಂತ ಹೆಚ್ಚು ಕಾಲ ದುಡಿಸುವ ವಾಡಿಕೆಯಿಲ್ಲ. ಪಕ್ಕದಲ್ಲಿ ಕುಳಿತವನು ಮಾತಿನ ಎಳೆಯನ್ನು ಕೈಗೆತ್ತಿಕೊಳ್ಳುತ್ತಾನೆ.

ಸಭೆ ಮುಗಿಯಿತು, ಎಲ್ಲರೂ ಎದ್ದು ಹೋದರು. ಈಗ ನಾವು ಕೇಳಬೇಕಾದ ಪ್ರಶ್ನೆ ಬೇರೆ. ಗಾಳಿಯಲ್ಲಿ ಕರಗಿಹೋದ ಆ ಮಾತುಗಳಲ್ಲಿ ಉಳಿಯುವುದು ಯಾವುದು? ಪ್ರತಿನಿಧಿ ಸ್ಪ್ಯಾನಿಷಿನಲ್ಲಿ ಆಡಿದ್ದೋ, ದುಭಾಷಿ ಇಂಗ್ಲಿಷಿನಲ್ಲಿ ನುಡಿದದ್ದೋ, ಕಾಗದದ ಮೇಲೆ ಅಚ್ಚಾಗಿ ಉಗ್ರಾಣ ಸೇರಿದ್ದೋ? ಐವತ್ತು ವರ್ಷಗಳ ಅನಂತರ ಇಬ್ಬರಲ್ಲಿ ಒಂದು ಪದದ ಬಗೆಗೆ ವಿವಾದ ಹುಟ್ಟಿದರೆ ಯಾವುದನ್ನು ಪ್ರಮಾಣವೆಂದು ಹಿಡಿಯಬೇಕು?

ಅಂತರರಾಷ್ಟ್ರೀಯ ಸಭೆಗಳಲ್ಲಿ ದುಭಾಷಿಗಳ ವೃತ್ತಿ ಬಹಳ ಹಳೆಯದೇನೂ ಅಲ್ಲ. ಮೊದಲನೆಯ ಮಹಾಯುದ್ಧದ ತರುವಾಯ, 1919ರಲ್ಲಿ, ಪ್ಯಾರಿಸಿನಲ್ಲಿ ಶಾಂತಿಸಮ್ಮೇಳನ ಸೇರಿದಾಗ ಅಮೆರಿಕ, ಬ್ರಿಟನ್, ಫ್ರಾನ್ಸ್ ಮತ್ತು ಇಟಲಿಗಳ ನಾಯಕರು ನಾಲ್ವರೇ ಕುಳಿತು ನಡೆಸಿದ ಮಾತುಕತೆಗಳಿಗೆ ಪಾಲ್ ಮಾಂತೂ ಎಂಬ ಫ್ರೆಂಚ್ ವಿದ್ವಾಂಸನು ದುಭಾಷಿಯಾಗಿದ್ದನು. ಅವನ ಟಿಪ್ಪಣಿಗಳು 1955ರಲ್ಲಿ ಗ್ರಂಥರೂಪದಲ್ಲಿ ಬೆಳಕು ಕಂಡವು. ಚರಿತ್ರಕಾರರಿಗೆ ಅವು ಆ ಮಾತುಕತೆಗಳ ಮುಖ್ಯ ಆಕರಗಳಲ್ಲೊಂದಾಗಿವೆ. ಮಾತನ್ನು ದಾಟಿಸಲು ಬಂದವನೇ ಮಾತಿನ ಸಾಕ್ಷಿಯೂ ಆದನು! 1920ರಲ್ಲಿ ಸ್ಥಾಪಿತವಾದ ರಾಷ್ಟ್ರಸಂಘದಲ್ಲಿ ಇಂಗ್ಲಿಷ್ ಮತ್ತು ಫ್ರೆಂಚ್ ಭಾಷೆಗಳೆರಡೇ ಬಳಕೆಯಲ್ಲಿದ್ದವು. ಭಾಷಣ ಮುಗಿದ ಮೇಲೆ ದುಭಾಷಿ ಎದ್ದು ಅದನ್ನೆಲ್ಲ ಇನ್ನೊಂದು ಭಾಷೆಯಲ್ಲಿ ಪುನಃ ಹೇಳುವ ಕ್ರಮವಿದ್ದುದರಿಂದ ಕಾಲವು ಇಮ್ಮಡಿಯಾಗಿ ವ್ಯಯವಾಗುತ್ತಿದ್ದಿತು. ಜರ್ಮನಿಯ ನ್ಯೂರೆಂಬರ್ಗಿನಲ್ಲಿ 1945–46ರಲ್ಲಿ ನಡೆದ ಯುದ್ಧಾಪರಾಧಿಗಳ ವಿಚಾರಣೆಯಲ್ಲಿ, ತಂತಿ ಮತ್ತು ಶ್ರವಣಯಂತ್ರಗಳ ನೆರವಿನಿಂದ ನಾಲ್ಕು ಭಾಷೆಗಳಲ್ಲಿ ಏಕಕಾಲದ ಅನುವಾದವು ತಿಂಗಳುಗಟ್ಟಲೆ ಯಶಸ್ವಿಯಾಗಿ ನಡೆದ ಮೇಲೆಯೇ ಆ ಪದ್ಧತಿಗೆ ಮನ್ನಣೆ ದೊರೆಯಿತು. ವಿಶ್ವಸಂಸ್ಥೆ ಐದು ಭಾಷೆಗಳಿಂದ ಆರಂಭಿಸಿ, 1973ರಲ್ಲಿ ಮಹಾಸಭೆಯಲ್ಲಿ ಅರಬ್ಬೀ ಭಾಷೆಯನ್ನೂ ಸೇರಿಸಿಕೊಂಡಿತು. ಚೀನೀ, ಫ್ರೆಂಚ್, ರಷ್ಯನ್, ಇಂಗ್ಲಿಷ್, ಸ್ಪ್ಯಾನಿಷ್, ಅರಬ್ಬೀ, ಇವು ಆ ಆರು ಭಾಷೆಗಳು.

1950ರ ಜೂನ್ ತಿಂಗಳಲ್ಲಿ ಕೊರಿಯಾದಲ್ಲಿ ಯುದ್ಧದ ಕಿಡಿ ಹೊತ್ತಿದಾಗ ಭದ್ರತಾ ಮಂಡಲಿಯ ಅಧ್ಯಕ್ಷಪೀಠದಲ್ಲಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗರಾಯರು. ಆ ತಿಂಗಳ 25ರಂದು ಅವರು ನಡೆಸಿದ ಸಭೆಯ ದಾಖಲೆಯನ್ನು ಇಂದಿಗೂ ತೆಗೆದು ಓದಬಹುದು. ಅದರ ತಲೆಯ ಮೇಲೆ ‘ಎಸ್/ಪಿವಿ. 473’ ಎಂಬ ಗುರುತು ಇದೆ. ‘ಎಸ್’ ಎಂದರೆ ಭದ್ರತಾ ಮಂಡಲಿ. ‘ಪಿವಿ’ ಎಂಬುದು ಆಡಿದ ಮಾತನ್ನು ಇಡಿಯಾಗಿ ಬರೆದಿಟ್ಟ ವರದಿಗೆ ಫ್ರೆಂಚಿನಲ್ಲಿರುವ ಹೆಸರಿನ ಸಂಕ್ಷೇಪ. 473 ಎಂಬುದು ಸಭೆಯ ಕ್ರಮಸಂಖ್ಯೆ. ಮಹಾಸಭೆಯ ಕಾಗದವಾದರೆ ‘ಎ’ ಎಂದು ಆರಂಭವಾಗುತ್ತದೆ. ಮಾತನ್ನು ಸಂಗ್ರಹಿಸಿ ಬರೆದ ವರದಿಗೆ ಬೇರೆ ಗುರುತು, ತಿದ್ದುಪಡಿಯ ಹಾಳೆಗೆ ಇನ್ನೊಂದು ಗುರುತು. ಲಕ್ಷಾಂತರ ಹಾಳೆಗಳ ನಡುವೆ ಬೇಕಾದ ಒಂದು ಹಾಳೆ ಕೈಗೆ ಸಿಗುವುದು ಈ ನಾಲ್ಕಾರು ಅಕ್ಷರಗಳ ಬಲದಿಂದಲೇ. ರಾಷ್ಟ್ರಸಂಘವು ಬಿಟ್ಟುಹೋದ ಕಾಗದಗಳೇ ಜಿನೀವಾದಲ್ಲಿ ಸುಮಾರು ಒಂದೂವರೆ ಕೋಟಿ ಪುಟಗಳಷ್ಟಿವೆ. ಯುನೆಸ್ಕೊ ಸಂಸ್ಥೆಯು 2009ರಲ್ಲಿ ಅವನ್ನು ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದುಂಟು. ದುಭಾಷಿಯ ಬಾಯಿಂದ ಬಂದ ಮಾತು ಅಧಿಕೃತ ದಾಖಲೆಯಲ್ಲ. ವರದಿಗಾರರು ಮೂಲಭಾಷಣವನ್ನು ಧ್ವನಿಮುದ್ರಣದೊಡನೆ ತಾಳೆನೋಡಿ ಬರೆಯುತ್ತಾರೆ. ಪ್ರತಿನಿಧಿಗಳು ತಮ್ಮ ಮೂಲಭಾಷೆಯ ಮಾತಿಗೆ ಮಾತ್ರ, ನಿಯಮಿತ ಅವಧಿಯೊಳಗೆ, ತಿದ್ದುಪಡಿ ಸೂಚಿಸಬಹುದು. ಇಷ್ಟೆಲ್ಲ ಎಚ್ಚರಿಕೆ ಏತಕ್ಕೆ ಎಂದು ವಾಚಕರು ಕೇಳಬಹುದು. 1967ರ ನವೆಂಬರ್ 22ರಂದು ಪಶ್ಚಿಮ ಏಷ್ಯದ ಯುದ್ಧವನ್ನು ಕುರಿತು ಭದ್ರತಾ ಮಂಡಲಿ ಅಂಗೀಕರಿಸಿದ 242ನೆಯ ನಿರ್ಣಯವೇ ಇದಕ್ಕೆ ಉತ್ತರ. ಇಸ್ರೇಲಿನ ಸೈನ್ಯವು ಆಕ್ರಮಿಸಿದ ಪ್ರದೇಶಗಳಿಂದ ಹಿಂದೆಗೆಯಬೇಕೆಂದು ಅದರಲ್ಲಿದೆ. ಇಂಗ್ಲಿಷ್ ಪಾಠದಲ್ಲಿ ‘ಪ್ರದೇಶಗಳು’ ಎಂಬ ಪದದ ಹಿಂದೆ ‘ದಿ’ ಎಂಬ ನಿರ್ದೇಶಕ ಪದವಿಲ್ಲ; ಆದುದರಿಂದ ಕೆಲವು ಪ್ರದೇಶಗಳಿಂದ ಹಿಂದೆಗೆದರೂ ಸಾಕೆಂದು ಒಂದು ಪಕ್ಷದವರ ವಾದ. ಫ್ರೆಂಚ್ ಪಾಠದಲ್ಲಾದರೋ ವಿಭಕ್ತಿಯೊಡನೆಯೇ ನಿರ್ದೇಶಕವೂ ಬೆರೆತು ಬಂದಿದೆ; ಆದುದರಿಂದ ಆ ಎಲ್ಲ ಪ್ರದೇಶಗಳಿಂದಲೂ ಹಿಂದೆಗೆಯಬೇಕೆಂದು ಇನ್ನೊಂದು ಪಕ್ಷದವರ ವಾದ. ಅರ್ಧ ಶತಮಾನ ಕಳೆದರೂ ಈ ವಾದ ನಿಂತಿಲ್ಲ. ಇದೇ ವಾಕ್ಯವನ್ನು ಕನ್ನಡಕ್ಕೆ ತರುವವನ ಪಾಡು ಇನ್ನೂ ವಿಚಿತ್ರ. ನಮ್ಮ ಭಾಷೆಯಲ್ಲಿ ಅಂಥ ನಿರ್ದೇಶಕವೇ ಇಲ್ಲ. ‘ಆಕ್ರಮಿಸಿದ ಪ್ರದೇಶಗಳಿಂದ’ ಎಂದು ಬರೆದರೆ ಜಗಳವೇ ಮಾಯವಾಗಿಬಿಡುತ್ತದೆ. ಜಗಳದ ಕಾರಣ ಮಾತ್ರ ಹಾಗೆಯೇ ಉಳಿಯುತ್ತದೆ.

ಇಂಥ ತೊಡಕನ್ನು ಕಾಣಲು ನ್ಯೂಯಾರ್ಕಿಗೇ ಹೋಗಬೇಕೆಂದಿಲ್ಲ. ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳದಲ್ಲಿಯೋ ಬೆಳ್ತಂಗಡಿಯಲ್ಲಿಯೋ ಒಂದು ಗ್ರಾಮಸಭೆಗೆ ಹೋಗಿ ಕುಳಿತರೂ ಸಾಕು. ಅಲ್ಲಿಯ ಜನ ತುಳುವಿನಲ್ಲಿ ಚರ್ಚಿಸುತ್ತಾರೆ. ನಡುನಡುವೆ ಬ್ಯಾರಿ ಭಾಷೆಯವರೂ ಕೊಂಕಣಿಯವರೂ ದನಿಗೂಡಿಸುತ್ತಾರೆ. ಆದರೆ ನಡವಳಿ ಪುಸ್ತಕದಲ್ಲಿ ಬರೆಯುವ ಭಾಷೆ ಕನ್ನಡ. ನ್ಯಾಯಾಲಯದಲ್ಲಿಯೂ ತುಳುವಿನಲ್ಲಿ ನುಡಿದ ಸಾಕ್ಷಿಯ ಹೇಳಿಕೆ ಕನ್ನಡವಾಗಿ ಕಾಗದಕ್ಕಿಳಿಯುತ್ತದೆ. ಎರಡೂ ದ್ರಾವಿಡ ಭಾಷೆಗಳು, ಅಕ್ಕತಂಗಿಯರಂತಿರುವವು. ದಾಟಿಸುವುದರಲ್ಲಿ ಕಷ್ಟವೇನು ಎನ್ನಿಸಬಹುದು. ಕಷ್ಟವುಂಟು. ಕನ್ನಡದಲ್ಲಿ ‘ನಾವು’ ಎಂಬುದು ಒಂದೇ ಪದ. ತುಳುವಿನಲ್ಲಿ ಅದಕ್ಕೆ ಎರಡು ಪದಗಳಿವೆ: ಕೇಳುವವನನ್ನೂ ಸೇರಿಸಿಕೊಂಡು ಹೇಳುವಾಗ ‘ನಮ’, ಅವನನ್ನು ಹೊರಗಿಟ್ಟು ಹೇಳುವಾಗ ‘ಎಂಕುಲು’. ತೋಡಿನ ಕಟ್ಟವನ್ನು ದುರಸ್ತಿಮಾಡುವ ಮಾತು ಬಂದಿದೆಯೆನ್ನೋಣ. ಒಬ್ಬನು ಎದುರು ಬದಿಯ ಜಮೀನುದಾರನನ್ನು ನೋಡಿ ‘ನಮ’ ಎಂದರೆ ಖರ್ಚು ಇಬ್ಬರ ತಲೆಯ ಮೇಲೂ ಬಂತು. ‘ಎಂಕುಲು’ ಎಂದರೆ ಅವನ ಪಕ್ಷದವರ ಮೇಲೆ ಮಾತ್ರ. ನಡವಳಿ ಪುಸ್ತಕದಲ್ಲಿ ಎರಡೂ ‘ನಾವು’ ಎಂದೇ ಆಗುತ್ತವೆ. ಬರೆದವನದು ತಪ್ಪಲ್ಲ, ಅವನು ಬರೆದ ಭಾಷೆಯಲ್ಲಿ ಆ ಭೇದವಿಲ್ಲ. ಇಂಗ್ಲಿಷಿನ ‘ದಿ’ ಕನ್ನಡದಲ್ಲಿ ಕಳೆದುಹೋಗುವಂತೆ ತುಳುವಿನ ‘ಎಂಕುಲು’ ಕೂಡ ಕನ್ನಡದಲ್ಲಿ ಕಳೆದುಹೋಗುತ್ತದೆ. ಮೂಲದ ಮಾತು ಎಲ್ಲಿಯಾದರೂ ಉಳಿದಿದ್ದರೆ ಮಾತ್ರ ಕಳೆದುದನ್ನು ಮತ್ತೆ ಕಂಡುಕೊಳ್ಳಬಹುದು.

ಮೂಲ ಉಳಿದಿದ್ದುದರಿಂದ ಒಂದು ಪದ ಮರಳಿ ದೊರೆತ ಪ್ರಸಂಗವೊಂದು ಅಲ್ಲಿಗೆ ಸಮೀಪದ ಮೂಡಬಿದಿರೆಯಲ್ಲಿಯೇ ನಡೆದಿದೆ. ಅದನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ.

ಮೂಡಬಿದಿರೆಯ ಗುರುಬಸದಿಗೆ ಸಿದ್ಧಾಂತ ಬಸದಿಯೆಂದೂ ಹೆಸರು. ಧವಲ, ಜಯಧವಲ, ಮಹಾಧವಲ ಎಂಬ ಸಿದ್ಧಾಂತಗ್ರಂಥಗಳ ತಾಡೋಲೆ ಪ್ರತಿಗಳು ಅಲ್ಲಿ ಇದ್ದುದರಿಂದಲೇ ಆ ಹೆಸರು ಬಂದಿತು. ಈ ಗ್ರಂಥಗಳ ಹುಟ್ಟಿನ ಕಥೆಯೂ ಒಂದು ಸಭೆಯಿಂದಲೇ ಮೊದಲಾಗುತ್ತದೆ. ಗಿರಿನಗರದ ಗುಹೆಯಲ್ಲಿದ್ದ ಧರಸೇನಾಚಾರ್ಯರು, ತಮ್ಮೊಡನೆಯೇ ಶ್ರುತಜ್ಞಾನ ಅಳಿದುಹೋಗಬಾರದೆಂದು, ಮಹಿಮಾ ಎಂಬಲ್ಲಿ ನೆರೆದಿದ್ದ ದಕ್ಷಿಣಾಪಥದ ಆಚಾರ್ಯರಿಗೆ ಒಂದು ಲೇಖವನ್ನು ಕಳುಹಿದರೆಂದೂ, ಆ ಸಭೆಯವರು ಆರಿಸಿ ಕಳುಹಿದ ಪುಷ್ಪದಂತ, ಭೂತಬಲಿ ಎಂಬಿಬ್ಬರು ಮುನಿಗಳು ಕೇಳಿ ತಿಳಿದುದನ್ನು ಸೂತ್ರರೂಪದಲ್ಲಿ ರಚಿಸಿದರೆಂದೂ ಪರಂಪರೆ ಹೇಳುತ್ತದೆ. ಅದೇ ಷಟ್ಖಂಡಾಗಮ. ಅದರ ಭಾಷೆ ಪ್ರಾಕೃತ. ರಾಷ್ಟ್ರಕೂಟರ ಕಾಲದಲ್ಲಿ ವೀರಸೇನಾಚಾರ್ಯರು ಅದಕ್ಕೆ ಬರೆದ ವ್ಯಾಖ್ಯಾನವೇ ಧವಲ, ಕ್ರಿ.ಶ. 816ರಲ್ಲಿ ಅದು ಮುಗಿಯಿತೆಂದು ಸಂಪಾದಕ ಹೀರಾಲಾಲ ಜೈನರ ಗಣನೆ. ವ್ಯಾಖ್ಯಾನದಲ್ಲಿ ಪ್ರಾಕೃತ ಸಂಸ್ಕೃತಗಳೆರಡೂ ಮಣಿಪ್ರವಾಳದಂತೆ ಬೆರೆತಿವೆ. ಗಣಿತದ ವಿದ್ಯಾರ್ಥಿಗಳಿಗೂ ಅದರಲ್ಲಿ ಕುತೂಹಲದ ವಿಷಯಗಳುಂಟು. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧಿಸಿದರೆ ಒಂದು ಉಳಿಯುತ್ತದೆಯೋ ಅದನ್ನು ವೀರಸೇನರು ಅರ್ಧಚ್ಛೇದವೆನ್ನುತ್ತಾರೆ. 32ರ ಅರ್ಧಚ್ಛೇದ 5. ಇಂದು ನಾವು ಎರಡನ್ನು ಆಧಾರವಾಗಿಟ್ಟ ಲಾಗರಿತಮ್ ಎನ್ನುವುದು ಇದನ್ನೇ.

ಮೂಡಬಿದಿರೆಯ ಪ್ರತಿಗಳು ಹೊಯ್ಸಳರ ಕಾಲದವು. ಭಾಷೆ ಪ್ರಾಕೃತವಾದರೂ ಲಿಪಿ ಹಳೆಯ ಕನ್ನಡ. ಅಲ್ಲಲ್ಲಿ ವರ್ಣಚಿತ್ರಗಳೂ ಇವೆ. ಶ್ರೀತಾಳೆಯ ಅಗಲವಾದ ಓಲೆಗಳ ಮೇಲೆ, ಕಂಟದಿಂದ ಕೊರೆಯದೆ, ಮಸಿಯಿಂದ ಬರೆದ ಪ್ರತಿಗಳಿವು. ಶ್ರೀತಾಳೆಯ ಮರ ಹಲವು ದಶಕ ಬಾಳಿ, ಒಮ್ಮೆ ಮಾತ್ರ ಹೂಬಿಟ್ಟು, ಕಾಯಾಗಿ ಸಾಯುತ್ತದೆ. ಅದರ ಗರಿಯನ್ನು ಬೇಯಿಸಿ, ನೆರಳಿನಲ್ಲಿ ಒಣಗಿಸಿ, ತಿಕ್ಕಿ ನಯಗೊಳಿಸಿದರೆ ತೆಳುವಾದ, ಬಳುಕುವ ಓಲೆ ಸಿದ್ಧವಾಗುತ್ತದೆ. ಆದರೆ ಈ ನಾಡಿನ ಹವೆ ಓಲೆಗೆ ಹಿತವಾದುದಲ್ಲ. ಘಟ್ಟದ ಬುಡದ ಬೆಳ್ತಂಗಡಿಯ ಕಡೆ ವರ್ಷಕ್ಕೆ 4,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವುದುಂಟು. ಮಳೆಗಾಲದಲ್ಲಿ ಓಲೆ ತೇವವನ್ನು ಹೀರಿ ಹಿಗ್ಗುತ್ತದೆ, ಬೇಸಗೆಯಲ್ಲಿ ಒಣಗಿ ಕುಗ್ಗುತ್ತದೆ. ವರ್ಷವರ್ಷವೂ ಹೀಗೆ ಹಿಗ್ಗಿ ಕುಗ್ಗಿ ನಾರು ಸಡಿಲವಾಗಿ ಅಂಚು ಮುರಿಯುತ್ತದೆ. ಬೂಷ್ಟು, ಗೆದ್ದಲು, ಓಲೆ ಕೊರೆಯುವ ಹುಳುಗಳ ಕಾಟ ಬೇರೆ. ಕೊರೆದು ಬರೆದ ಓಲೆಗೆ ನಿಂಬೆಹುಲ್ಲಿನ ಎಣ್ಣೆಯನ್ನು ಸವರಿದರೆ ಓಲೆ ಮೆದುವಾಗುತ್ತದೆ, ಹುಳುವೂ ದೂರವಾಗುತ್ತದೆ. ಮಸಿಯಿಂದ ಬರೆದ ಓಲೆಗೆ ಹಾಗೆ ಮಾಡಲು ಹೋದರೆ ಅಕ್ಷರವೇ ಅಳಿಸುವ ಭಯ. ಇಷ್ಟೆಲ್ಲ ಅಪಾಯಗಳ ನಡುವೆ ಎಂಟು ನೂರಕ್ಕೂ ಹೆಚ್ಚು ವರ್ಷ ಆ ಓಲೆಗಳು ಉಳಿದುವೆಂಬುದು, ಕಾಪಾಡಿದವರ ಶ್ರದ್ಧೆಗೆ ಸಾಕ್ಷಿಯೆಂದೇ ನಮ್ಮ ಎಣಿಕೆ. ಆದರೆ ಆ ಶ್ರದ್ಧೆಗೆ ಇನ್ನೊಂದು ಮುಖವೂ ಇದ್ದಿತು. ಯಾತ್ರಿಕರು ಗ್ರಂಥದ ದರ್ಶನ ಪಡೆದು ನಮಸ್ಕರಿಸಿ ಹೋಗುತ್ತಿದ್ದರು. ಓದುವವರು ಮಾತ್ರ ಇರಲಿಲ್ಲವೆನ್ನುವಷ್ಟು ವಿರಳವಾಗಿದ್ದರು.

1883ರಲ್ಲಿ ಮುಂಬಯಿಯ ಸೇಠ್ ಮಾಣಿಕಚಂದರು ಯಾತ್ರೆಗಾಗಿ ಬಂದಾಗ ಈ ಓಲೆಗಳ ಸ್ಥಿತಿಯನ್ನು ಕಂಡು ಚಿಂತಿತರಾದರು. ಸೊಲ್ಲಾಪುರದ ಸೇಠ್ ಹೀರಾಚಂದ ನೇಮಚಂದರು ಅವರೊಡನೆ ಕೈಜೋಡಿಸಿದರು. ಹಣ ಕೂಡಿಸಿ, ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳನ್ನೂ ಮಿರಜಿನ ಗಜಪತಿ ಶಾಸ್ತ್ರಿಗಳನ್ನೂ ಪ್ರತಿಮಾಡುವ ಕಾರ್ಯಕ್ಕೆ ಗೊತ್ತುಮಾಡಿದರು. 1896ರ ಸುಮಾರಿಗೆ ತೊಡಗಿದ ಕೆಲಸ 1922ರವರೆಗೆ ನಡೆಯಿತು. ದೇವನಾಗರಿಯಲ್ಲಿ ಒಂದು ಪ್ರತಿ, ಹೊಸ ಕನ್ನಡ ಲಿಪಿಯಲ್ಲಿ ಒಂದು ಪ್ರತಿ ಸಿದ್ಧವಾದವು. ಆದರೆ ಅವೂ ಬಸದಿಯಲ್ಲಿಯೇ ಉಳಿದವು. ಈ ನಡುವೆ ಗಜಪತಿ ಶಾಸ್ತ್ರಿಗಳು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿಯನ್ನು ಮಾಡಿಕೊಂಡಿದ್ದರು. ಅದು ಉತ್ತರದ ಸಹಾರನಪುರದ ಲಾಲಾ ಜಂಬೂಪ್ರಸಾದರ ಕೈಸೇರಿತು. ಅಲ್ಲಿ ಅದನ್ನು ನಾಗರಿಗೆ ತಿರುಗಿಸಿದರು. ಹಾಗೆ ತಿರುಗಿಸುವಾಗ ಇನ್ನೊಂದು ಪ್ರತಿ ಹುಟ್ಟಿತು. ಅದರಿಂದ ಮತ್ತಷ್ಟು ಪ್ರತಿಗಳಾಗಿ ಆರಾ, ಕಾರಂಜಾ, ಅಮರಾವತಿಗಳಿಗೆ ಹರಡಿದವು. ಗುಟ್ಟಿನ ನಡೆ ಸರಿಯೆ ತಪ್ಪೆ ಎಂಬುದನ್ನು ವಾಚಕರೇ ತೀರ್ಮಾನಿಸಲಿ. ಅದಿಲ್ಲದಿದ್ದರೆ ಗ್ರಂಥವು ಅಷ್ಟು ಬೇಗ ವಿದ್ವಾಂಸರ ಕೈಗೆ ಬರುತ್ತಿರಲಿಲ್ಲವೆಂಬುದಂತೂ ನಿಜ.

ಲಿಪಿಯಿಂದ ಲಿಪಿಗೆ ದಾಟುವಾಗ ಏನೇನು ಕೆಡುತ್ತದೆ? ಹಳೆಯ ಕನ್ನಡದ ಓಲೆಗಳಲ್ಲಿ ‘ದ’ಕ್ಕೂ ‘ಧ’ಕ್ಕೂ ಭೇದವೇ ಕಾಣದು, ಗುಡಿಸು ಯಾವುದು, ಅದರ ದೀರ್ಘ ಯಾವುದು ಎಂಬುದೂ ಸಂದೇಹ. ಪ್ರಾಕೃತದಲ್ಲಿ ಒತ್ತಕ್ಷರ ಬರುವಲ್ಲಿ ಲಿಪಿಕಾರರು ಹಿಂದೆ ಒಂದು ಸೊನ್ನೆಯನ್ನು ಇಟ್ಟುಬಿಡುತ್ತಿದ್ದರು. ಅದು ಅನುಸ್ವಾರವೋ, ಮುಂದಿನ ವ್ಯಂಜನ ಇಮ್ಮಡಿಯೆಂಬ ಸೂಚನೆಯೋ ಎಂಬುದನ್ನು ಭಾಷೆ ಬಲ್ಲವನೇ ತಿಳಿಯಬೇಕು. ಇವಲ್ಲದೆ ಕಣ್ಣಿನ ತಪ್ಪುಗಳೂ ಉಂಟು. ಇವುಗಳಲ್ಲಿ ಅತಿ ಸಾಮಾನ್ಯವಾದುದು, ಒಂದೇ ಬಗೆಯ ಅಕ್ಷರಗಳು ಎರಡು ಸಲ ಒತ್ತೊತ್ತಾಗಿ ಬಂದಾಗ ಒಂದು ಸಲದ್ದನ್ನು ಬಿಟ್ಟುಬಿಡುವುದು. ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಿ ನೋಡಬಹುದು. ‘ಸಂಜದಾಸಂಜದಸಂಜದ’ ಎಂಬ ಅಕ್ಷರಮಾಲೆಯನ್ನು ವೇಗವಾಗಿ ಇಪ್ಪತ್ತು ಸಲ ಬರೆದು, ಆಮೇಲೆ ಎಣಿಸಿರಿ. ಎಲ್ಲಿಯಾದರೂ ಒಂದು ‘ಸಂಜದ’ ಕಡಿಮೆಯಾಗಿರುವ ಸಂಭವ ಹೆಚ್ಚು. ಬರೆಯುವವನ ಕಣ್ಣು ಮೂಲದಿಂದ ಪ್ರತಿಗೆ ಹೋಗಿ ಮರಳುವಾಗ ತಾನು ಬಿಟ್ಟ ಅಕ್ಷರವನ್ನೇ ಹುಡುಕುತ್ತದೆ. ಅದೇ ರೂಪದ ಮುಂದಿನ ಅಕ್ಷರ ಕಂಡರೆ ಅಲ್ಲಿಂದಲೇ ಮುಂದುವರಿಯುತ್ತದೆ.

ಈ ಅಕ್ಷರಮಾಲೆಯನ್ನು ನಾವು ಸುಮ್ಮನೆ ಆರಿಸಲಿಲ್ಲ. ಹೀರಾಲಾಲ ಜೈನರೂ ಅವರ ಸಹಕಾರಿಗಳೂ ಅಮರಾವತಿಯಲ್ಲಿದ್ದುಕೊಂಡು ಧವಲದ ಮೊದಲನೆಯ ಸಂಪುಟವನ್ನು 1939ರಲ್ಲಿ ಪ್ರಕಟಿಸಿದರು. ಅವರ ಕೈಯಲ್ಲಿದ್ದುವು ಪ್ರತಿಯ ಪ್ರತಿಗಳು. ಮೂಡಬಿದಿರೆಯ ಓಲೆಗೂ ಅಚ್ಚುಮೊಳೆಗೂ ನಡುವೆ ಹಲವು ಕೈಗಳೂ ಎರಡು ಲಿಪಿಗಳೂ ಹಾದುಹೋಗಿದ್ದವು. ಮನುಷ್ಯರಲ್ಲಿ ಸ್ತ್ರೀಯರಿಗೆ ಯಾವ ಯಾವ ಗುಣಸ್ಥಾನಗಳು, ಎಂದರೆ ಆತ್ಮದ ಏರುಮೆಟ್ಟಿಲುಗಳು, ಉಂಟೆಂಬುದನ್ನು ಕುರಿತ 93ನೆಯ ಸೂತ್ರಕ್ಕೆ ಬಂದಾಗ ಅವರಿಗೆ ಸಂದೇಹವಾಯಿತು. ಸೂತ್ರದಲ್ಲಿ ‘ಸಂಜದಾಸಂಜದ’, ಎಂದರೆ ಭಾಗಶಃ ಸಂಯಮವುಳ್ಳ, ಎಂಬ ಮೆಟ್ಟಿಲಿನವರೆಗೆ ಮಾತ್ರ ಇದ್ದಿತು. ವೀರಸೇನರ ವ್ಯಾಖ್ಯಾನವಾದರೋ ಅದಕ್ಕೂ ಮೇಲಿನ ‘ಸಂಜದ’, ಎಂದರೆ ಪೂರ್ಣ ಸಂಯಮದ, ಮೆಟ್ಟಿಲನ್ನು ಸೂತ್ರ ಹೇಳಿದೆಯೆಂದು ಇಟ್ಟುಕೊಂಡೇ ಚರ್ಚೆ ನಡೆಸುವಂತೆ ತೋರುತ್ತಿದ್ದಿತು. ಇಲ್ಲಿ ‘ಸಂಜದ’ ಎಂಬ ಪದ ಬಿಟ್ಟುಹೋಗಿರಬೇಕೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು.

ಮೂರಕ್ಷರದ ಆ ಪದ ದೊಡ್ಡ ಕೋಲಾಹಲವನ್ನೇ ಎಬ್ಬಿಸಿತು. ಸ್ತ್ರೀಯು ಅದೇ ಜನ್ಮದಲ್ಲಿ ಮೋಕ್ಷ ಪಡೆಯಬಲ್ಲಳೆ ಎಂಬುದು ದಿಗಂಬರ ಶ್ವೇತಾಂಬರ ಸಂಪ್ರದಾಯಗಳ ನಡುವೆ ಶತಮಾನಗಳಿಂದ ನಡೆದುಬಂದ ಚರ್ಚೆ. ದಿಗಂಬರರ ಅತಿ ಪ್ರಾಚೀನ ಆಗಮದಲ್ಲಿಯೇ ಈ ಪದ ಇದ್ದರೆ ಅದರ ಅರ್ಥವೇನು? ಪದವೇ ಇಲ್ಲವೆಂದು ಕೆಲವರು ವಾದಿಸಿದರು. ಪದವಿದೆ, ಆದರೆ ಅಲ್ಲಿ ಹೇಳಿರುವುದು ದೇಹದಿಂದ ಸ್ತ್ರೀಯಾದವಳನ್ನಲ್ಲ, ಭಾವದ ಮಾತ್ರದ ಸ್ತ್ರೀತ್ವವನ್ನು ಎಂದು ವೀರಸೇನರ ವ್ಯಾಖ್ಯಾನವನ್ನು ಹಿಡಿದು ಇನ್ನು ಕೆಲವರು ವಾದಿಸಿದರು. ಗ್ರಂಥವನ್ನು ತಾಮ್ರಪತ್ರಗಳ ಮೇಲೆ ಕೆತ್ತಿಸುವ ಏರ್ಪಾಡು ನಡೆದಾಗ, ಈ ಪದವನ್ನು ಕೆತ್ತಬೇಕೆ ಬೇಡವೆ ಎಂಬ ಪ್ರಶ್ನೆ ಮತ್ತೆ ತಲೆಯೆತ್ತಿತು. ಅರ್ಥವನ್ನು ಕುರಿತ ವಾದಕ್ಕೆ ಕೊನೆಯಿಲ್ಲದಿರಬಹುದು. ಆದರೆ ಪದ ಇದೆಯೇ ಇಲ್ಲವೇ ಎಂಬುದು ವಾದದಿಂದ ತೀರುವ ಪ್ರಶ್ನೆಯಲ್ಲ. ಓಲೆಯನ್ನು ಬಿಚ್ಚಿ ನೋಡಿದರೆ ತೀರುವ ಪ್ರಶ್ನೆ.

ಆ ವೇಳೆಗೆ ಮೂಡಬಿದಿರೆಯ ಮಠದವರೂ ಬಸದಿಯ ಆಡಳಿತದವರೂ ಮೂಲದೊಡನೆ ತಾಳೆನೋಡಲು ಸಮ್ಮತಿಯಿತ್ತಿದ್ದರು. ಅಲ್ಲಿಯ ಪಂಡಿತರು ಮುದ್ರಿತ ಪಾಠವನ್ನು ಮುಂದಿಟ್ಟುಕೊಂಡು ತಾಡೋಲೆಗಳನ್ನು ಓದಿ, ವ್ಯತ್ಯಾಸಗಳನ್ನು ಪಟ್ಟಿಮಾಡಿ ಕಳುಹಿದರು. 93ನೆಯ ಸೂತ್ರದಲ್ಲಿ ‘ಸಂಜದಾಸಂಜದ’ ಎಂಬುದರ ಮಗ್ಗುಲಲ್ಲಿಯೇ ‘ಸಂಜದ’ ಎಂಬ ಪದ ಸ್ಪಷ್ಟವಾಗಿ ಇದ್ದಿತು. ಯಾರೂ ಮತದ್ವೇಷದಿಂದ ತೆಗೆದುಹಾಕಿದ್ದಲ್ಲ, ಯಾರೂ ಹೊಸದಾಗಿ ತುರುಕಿದ್ದೂ ಅಲ್ಲ. ಎಲ್ಲಿಯೋ ಒಬ್ಬ ಪ್ರತಿಕಾರನ ಕಣ್ಣು ಮೂರಕ್ಷರ ಜಾರಿದ್ದಿತು, ಅಷ್ಟೆ.

ವಿಶ್ವಸಂಸ್ಥೆಯ ತಿದ್ದುಪಡಿಯ ಹಾಳೆಯೂ ಮೂಡಬಿದಿರೆಯ ಪಂಡಿತರ ಪಾಠಾಂತರದ ಪಟ್ಟಿಯೂ ಮಾಡುವ ಕೆಲಸ ಒಂದೇ ಎಂಬುದನ್ನು ಇಲ್ಲಿ ಹೇಳದೆ ನಮ್ಮಿಂದಾಗದು. ಭೇದವಿಷ್ಟೆ: ಅಲ್ಲಿ ಮೂಲವೆಂದರೆ ಧ್ವನಿಮುದ್ರಿಕೆ, ಅದನ್ನು ಅಂದೇ ತಾಳೆನೋಡಬಹುದು. ಇಲ್ಲಿ ತಾಳೆನೋಡುವ ಸಂದರ್ಭ ಬರಲು ನೂರಾರು ವರ್ಷಗಳೇ ಹಿಡಿದವು. ಗ್ರಾಮಸಭೆಯ ನಡವಳಿ ಪುಸ್ತಕಕ್ಕಾದರೋ ತಾಳೆನೋಡಲು ಮೂಲವೇ ಇಲ್ಲ. ಧ್ವನಿಮುದ್ರಣಯಂತ್ರ ಪ್ರತಿಯೊಬ್ಬನ ಜೇಬಿನಲ್ಲಿರುವ ಈ ಕಾಲದಲ್ಲಿ ಆಡಿದ ತುಳು ಮಾತನ್ನೂ ನಡವಳಿಯೊಡನೆ ಇಟ್ಟುಕೊಳ್ಳುವುದು ದುಸ್ಸಾಧ್ಯವೇನೂ ಅಲ್ಲವೆಂದು ನಮಗೆ ತೋರುತ್ತದೆ.

ಧವಲದ ಹದಿನಾರು ಸಂಪುಟಗಳ ಮುದ್ರಣವು 1958ರಲ್ಲಿ ಮುಗಿಯಿತು. ಮೂಡಬಿದಿರೆ, ಕಾರ್ಕಳ ಮುಂತಾದೆಡೆಗಳ ತಾಡೋಲೆಗಳಿಗೆ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ಸೂಚಿ 1948ರಲ್ಲಿಯೇ ಕಾಶಿಯಿಂದ ಹೊರಬಂದಿದ್ದಿತು. ಯಾವ ಓಲೆ ಎಲ್ಲಿದೆಯೆಂದು ಹೇಳುವ ಅಂಥ ಸೂಚಿಯಿಲ್ಲದಿದ್ದರೆ ಉಗ್ರಾಣ ತುಂಬಿದ್ದರೂ ಬರಿದಾದಂತೆಯೇ. ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳದಲ್ಲಿ ಹಸ್ತಪ್ರತಿಗಳ ಸಂಗ್ರಹವಿದೆ. ಬಂಟ್ವಾಳದ ಬಳಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇ೦ದ್ರವು ತುಳುನಾಡಿನ ಹಳೆಯ ವಸ್ತುಗಳನ್ನೂ ಗ್ರಂಥಗಳನ್ನೂ ಕೂಡಿಟ್ಟಿದೆ. ಮನೆಗಳ ಅಟ್ಟದ ಮೇಲೆ ತುಳುಲಿಪಿಯ ಓಲೆಗಳು ಇನ್ನೂ ಇವೆ. ಅವನ್ನು ಓದಬಲ್ಲವರು ಕಡಿಮೆ.

ಹಳೆಯ ಕನ್ನಡ ಲಿಪಿಯಲ್ಲಿದ್ದ ಧವಲವು ಹೊಸಗನ್ನಡ ಲಿಪಿಗೂ ನಾಗರಿಗೂ ತಿರುಗಿ, ಹಿಂದೀ ಅನುವಾದದೊಡನೆ ಅಚ್ಚಾಗಿ, ಆ ಬಳಿಕ ಶ್ರವಣಬೆಳಗೊಳದ ಪ್ರಾಕೃತ ಅಧ್ಯಯನ ಸಂಸ್ಥೆಯ ಪ್ರಯತ್ನದಿಂದ ಕನ್ನಡ ಭಾಷೆಗೂ ಬಂದಿದೆ. ಲಿಪಿಯಲ್ಲಿ ಕನ್ನಡವಾಗಿದ್ದ ಗ್ರಂಥವು ಭಾಷೆಯಲ್ಲಿ ಕನ್ನಡವಾಗಲು ಎಂಟು ಶತಮಾನಗಳು ಬೇಕಾದವು.